ದುರ್ಯೋಧನನ ಬಾಯಿಗೆ ಹಾಡು ಕೊಡುವುದು ಹೇಗೆ?

ನಾನು ನಾಟಕಗಳಿಗೆ ಹಾಡು ಬರೆದು ಹಾರ್ಮೋನಿಯಂ ನುಡಿಸುವವಳು. ಹಳೇ ಕತೆಯನ್ನು ವಿಲನ್ ಕಡೆಯಿಂದ ಹೇಳುವ ಸಂಗೀತ ನಾಟಕ ಮಾಡುತ್ತೇವೆ ಅಂತ ಬರುವ ಹುಡುಗರು ಮೊದಲು ಮಾಡುವ ಕೆಲಸ ಒಂದೇ. ಅವನನ್ನು ಪಾಪದ ಪ್ರಾಣಿ ಮಾಡಿಬಿಡುತ್ತಾರೆ. ಅವನು ಏನೂ ಮಾಡಲಿಲ್ಲ, ಎಲ್ಲಾ ಬೇರೆಯವರ ಪಿತೂರಿ! ಹಾಗಾದರೆ ನಾಟಕ ಯಾಕೆ ಬೇಕು? ಅವನು ಮಾಡಿದ್ದನ್ನು ಮುಟ್ಟಬೇಡಿ. ಅವನ ತಲೆಯೊಳಗಿನ ಲೆಕ್ಕ ತೋರಿಸಿ, ಸಾಕು.

ಒಂದು ಹಾಳೆ ತಗೊಂಡು, ನೋಡುವವರಿಗೆಲ್ಲ ಗೊತ್ತಿರುವ ಘಟನೆಗಳನ್ನು ಬರೆಯಿರಿ. ದುರ್ಯೋಧನ ಅಂದರೆ ಮಯಸಭೆ, ಪಗಡೆ, ದ್ರೌಪದಿಯ ಸೀರೆಗೆ ಕೈ, ಸರೋವರದಲ್ಲಿ ಅಡಗಿದ್ದು, ಮುರಿದ ತೊಡೆ. ಇವು ಕದಲಬಾರದು. ನಿಮಗಿರುವ ಜಾಗ ಇವುಗಳ ನಡುವೆ.

ಆಮೇಲೆ ಮೂಲ ಓದಿ. ಸುಮ್ನೆ ಅಲ್ಲ, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡಿಕೊಂಡು ಓದಿ. ವ್ಯಾಸಭಾರತದ ಸಭಾಪರ್ವದಲ್ಲಿ ಮಯಸಭೆಯ ಕತೆ ಎರಡು ಸಲ ಬರುತ್ತದೆ. ಸ್ಫಟಿಕದ ನೆಲವನ್ನು ನೀರು ಅಂದುಕೊಂಡು ದುರ್ಯೋಧನ ಬಟ್ಟೆ ಎತ್ತಿಕೊಳ್ಳುತ್ತಾನೆ. ನಿಜವಾದ ನೀರನ್ನು ನೆಲ ಅಂದುಕೊಂಡು ಬೀಳುತ್ತಾನೆ. ಕತೆಗಾರ ಹೇಳುವಾಗ ನಕ್ಕವರು ಭೀಮ, ಅವನ ತಮ್ಮಂದಿರು, ಆಳುಗಳು. ಅದನ್ನೇ ದುರ್ಯೋಧನ ಅಪ್ಪನ ಮುಂದೆ ಹೇಳಿಕೊಳ್ಳುವಾಗ ಕೃಷ್ಣನೂ ನಕ್ಕ, ದ್ರೌಪದಿಯೂ ಹೆಂಗಸರ ಜೊತೆ ಸೇರಿಕೊಂಡು ನಕ್ಕಳು! ನಿಜಕ್ಕೂ ನಕ್ಕಳಾ, ಇವನ ಕಿವಿಗೆ ಹಾಗೆ ಕೇಳಿಸಿತಾ? ವಿಲನ್ ಕಡೆಯ ನಾಟಕಕ್ಕೆ ಇದಕ್ಕಿಂತ ಒಳ್ಳೆ ಸಂದು ಸಿಗುವುದಿಲ್ಲ.

ಹಾಡು ಇಲ್ಲೇ ಹುಟ್ಟಬೇಕು. ನಾನಾದರೆ ಮೂರು ನುಡಿ ಬರೆಯುತ್ತೇನೆ. ಮೊದಲ ನುಡಿಯಲ್ಲಿ ಭೀಮ ಮಾತ್ರ ನಗುತ್ತಾನೆ. ಎರಡನೆಯದರಲ್ಲಿ ಇಡೀ ಸಭೆ. ಮೂರನೆಯದರಲ್ಲಿ ಅವಳು. ಆದರೆ ವೇದಿಕೆಯ ಮೇಲೆ ದ್ರೌಪದಿ ಪಾತ್ರದವಳು ತುಟಿ ಬಿಚ್ಚಬಾರದು. ನಗು ಹಿಮ್ಮೇಳದಿಂದ ಬರಲಿ, ತಬಲಾದ ಜೊತೆ, ತಾಳಕ್ಕೆ ಸರಿಯಾಗಿ. ಪಗಡೆಯ ದೃಶ್ಯದಲ್ಲಿ ಅದೇ ನಗುವಿನ ತಾಳವನ್ನು ತಬಲಾದಲ್ಲಿ ಮಾತ್ರ ಮೆಲ್ಲಗೆ ಬಾರಿಸಿ. ಯಾರೂ ವಿವರಿಸಬೇಕಾಗಿಲ್ಲ, ಅವನಿಗೆ ಏನು ಕೇಳಿಸುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

ರಾಗಕ್ಕೆ ನನ್ನದೊಂದು ಉಪಾಯ. ಇಂದ್ರಪ್ರಸ್ಥಕ್ಕೆ ಬರುವಾಗ ಅವನ ಹಾಡು ಮೋಹನದಲ್ಲಿರಲಿ. ಬಿದ್ದ ಮೇಲೆ ಅದೇ ಧಾಟಿಯಲ್ಲಿ ಗಾಂಧಾರ ಒಂದನ್ನು ಇಳಿಸಿ. ಶಿವರಂಜಿನಿ ಆಗುತ್ತದೆ. ಒಂದೇ ಸ್ವರ ಬದಲಾದದ್ದು, ಆದರೆ ಮನುಷ್ಯನೇ ಬೇರೆ. ಹಳೇ ಧಾಟಿಯನ್ನು ತಿರುಚುವುದು ಹೊರಗಿನವರಿಗೂ ಗೊತ್ತು. ಓಜ್ ಅನ್ನುವ ಮಾಯಾಲೋಕದ ಅಮೆರಿಕದ ಮಕ್ಕಳ ಕತೆಯ ಕೆಟ್ಟ ಮಾಟಗಾತಿಯನ್ನು ನಾಯಕಿ ಮಾಡಿ 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ ಸಂಗೀತ ನಾಟಕ ‘ವಿಕೆಡ್’ನಲ್ಲಿ ಹಾಡು ಕಟ್ಟಿದ ಸ್ಟೀಫನ್ ಶ್ವಾರ್ಟ್ಸ್ ಇದನ್ನೇ ಮಾಡಿದ. ಅದೇ ಓಜ್ ಕತೆಯ 1939ರ ಸಿನಿಮಾದಲ್ಲಿ ನಾಯಕಿ ಡೊರೋಥಿ ಹಾಡುವ ಹಾಡಿನ ಮೊದಲ ಏಳು ಸ್ವರ ತಗೊಂಡು, ಲಯ ಬದಲಿಸಿ, ಮಾಟಗಾತಿಯ ಬಾಯಿಗೆ ಹಾಕಿದ. ಒಳ್ಳೆಯವಳ ಸ್ವರ, ಕೆಟ್ಟವಳ ಗಂಟಲು. ಕಳ್ಳತನ ಅಂದರೆ ಹೀಗಿರಬೇಕು.

ಈಗ ಮುಖ್ಯವಾದ್ದು. ದ್ರೌಪದಿಯನ್ನು ಸಭೆಗೆ ಎಳೆತರುವ ದೃಶ್ಯದಲ್ಲಿ ದುರ್ಯೋಧನನಿಗೆ ಹಾಡು ಕೊಡಬೇಡಿ. ಒಂದು ಸಾಲೂ ಬೇಡ. ಹಾಡು ಸಿಕ್ಕಿದವನ ಮೇಲೆ ನೋಡುವವರಿಗೆ ಪ್ರೀತಿ ಹುಟ್ಟುತ್ತದೆ. ಅಲ್ಲಿ ಹಾಡಿಸಿದರೆ ನೀವು ಅವನ ವಕೀಲರಾಗುತ್ತೀರಿ. ಅಲ್ಲಿ ಹಾಡು ಅವಳದು. ಅವನು ಬರೀ ಮಾತಾಡಲಿ, ಅದೂ ಒರಟಾಗಿ. ಇಷ್ಟು ಹೊತ್ತು ಅವನ ಜೊತೆ ಗುನುಗಿದ ಜನರಿಗೆ ಮುಜುಗರ ಆಗಬೇಕು.

ಪಾಂಡವರಿಗೆ ಹಾಡು ಕಡಿಮೆ ಇರಲಿ, ಆದರೆ ಅವರನ್ನು ಕೋಡಂಗಿ ಮಾಡಬೇಡಿ. ಕರ್ಣನ ಜೊತೆ ಒಂದು ಯುಗಳ ಗೀತೆ ಇಡಿ, ಅದು ಹೇಗೆ ಮಾಡಿದರೂ ಗೆಲ್ಲುತ್ತದೆ. ಮೀಸೆ ತಿರುವಿ ಗಹಗಹಿಸುವುದನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ಈ ನಾಟಕದಲ್ಲಿ ನಗು ಅವನನ್ನು ಚುಚ್ಚಿದ ಮುಳ್ಳು, ಅಲ್ವಾ?

ಕೊನೆಗೆ ತೊಡೆ ಮುರಿದ ದೃಶ್ಯ. ಹಳೇ ಸಂಸ್ಕೃತ ನಾಟಕಕಾರ ಭಾಸನ ‘ಊರುಭಂಗ’ದಲ್ಲಿ ಪುಟ್ಟ ಮಗ ದುರ್ಜಯ ಬಂದು ಅಪ್ಪನ ತೊಡೆಯ ಮೇಲೆ ಕೂರಲು ಹೋಗುತ್ತಾನೆ. ಅಪ್ಪ ಬೇಡ ಅನ್ನಬೇಕು. ಇಲ್ಲಿ ಹೊಸ ಧಾಟಿ ಕಟ್ಟಬೇಡಿ, ಮೊದಲಿನ ಮೋಹನದ್ದೇ ಎರಡು ಸಾಲು ಸಾಕು. ನಟ ನೆಲಕ್ಕೆ ಒರಗಿಕೊಂಡು ಹಾಡಬೇಕಾಗುತ್ತದೆ, ಆಗ ಹೊಟ್ಟೆ ಮಡಚಿ ಉಸಿರು ಸಾಲುವುದಿಲ್ಲ. ಅದಕ್ಕೇ ಆ ಎರಡು ಸಾಲನ್ನು ಕೆಳಗಿನ ಸ್ವರಗಳಲ್ಲಿ ಕಟ್ಟಿ, ಮತ್ತೆ ತಾಲೀಮಿನ ಮೊದಲ ವಾರದಿಂದಲೇ ಅವನನ್ನು ನೆಲದ ಮೇಲೆ ಮಲಗಿಸಿ ಹಾಡಿಸಿ.