ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವವರಿಗೆ

ಚಿತ್ರದುರ್ಗದ ಬಂಧುಗಳೇ, ಹಬ್ಬಕ್ಕೆ ಅಟ್ಟದಿಂದ ಹಿತ್ತಾಳೆ, ತಾಮ್ರದ ಪಾತ್ರೆ ಇಳಿಸುವವರು ಒಮ್ಮೆ ಓದಿ. ಇಂಗಳದಾಳದ ತಾಮ್ರದ ಗಣಿ ಎಲ್ಲರಿಗೂ ಗೊತ್ತು, ಆ ತಾಮ್ರವನ್ನು ಹುಣಸೆಹುಳಿಯಿಂದ ಕಾಪಾಡುವ ತವರವನ್ನು ಮಾತ್ರ ಯಾರೂ ನೆನೆಯುವುದಿಲ್ಲ!

ಕಲಾಯಿ ಅಂದರೆ ತವರದ ತೆಳು ಲೇಪ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಸಾರು, ಪಾಯಸ ಎಷ್ಟು ಕುದಿಸಿದರೂ ಸುಮಾರು 100 ದಾಟದು, ಭಯವಿಲ್ಲ. ಆದರೆ ಖಾಲಿ ಪಾತ್ರೆ ಒಲೆ ಮೇಲಿಟ್ಟು ಮರೆತರೆ ಅಥವಾ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದರೆ ಕಲಾಯಿ ಕರಗಿ ಒಂದು ಕಡೆ ಗಂಟುಕಟ್ಟುತ್ತದೆ. ಒಗ್ಗರಣೆ ಬೇರೆ ಸೌಟಿನಲ್ಲೇ ಮಾಡಿ.

ತವರ ಮೆತ್ತನೆಯ ಲೋಹ. ಸ್ಟೀಲ್ ಉಜ್ಜುಗ, ಕಬ್ಬಿಣದ ಸೌಟು ಬೇಡ. ಬಣ್ಣ ಮಂಕಾದರೆ ಚಿಂತೆಯಿಲ್ಲ, ಒಳಗೆ ಕೆಂಪೋ ಹಳದಿಯೋ ಇಣುಕಿದಾಗ ಮತ್ತೆ ಹಾಕಿಸಿ.

ಮುಖ್ಯವಾದದ್ದು: ಅಗ್ಗಕ್ಕೆ ಸೀಸ ಬೆರೆಸಿದ ಕಡ್ಡಿ ಬಳಸುವುದುಂಟು, ಅದು ವಿಷ. ಕಲಾಯಿಯವರನ್ನು ಕೇಳಿ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿ. ಶುದ್ಧ ತವರ ಚಿಟಚಿಟ ಎನ್ನುತ್ತದೆ, ಸೀಸ ಸುಮ್ಮನೆ ಬಾಗುತ್ತದೆ. ಸ್ವಲ್ಪವೇ ಬೆರೆತಿದ್ದರೆ ಕಿವಿಗೆ ತಿಳಿಯದೇ ಹೋಗಬಹುದು, ಹಾಗಾಗಿ ನಂಬಿಕಸ್ಥರ ಹತ್ತಿರವೇ ಕೊಡಿ.