ಬ್ಯಾಬಿಟ್ ಬೇರಿಂಗ್: ಕರಗಿಸುವ ಮೊದಲು ಅಳೆಯಿರಿ

ಹಳೆಯ ಕಾರು ಫೋರ್ಡ್ ಮಾಡೆಲ್ ಎಯ ಎಂಜಿನ್ ಬಿಚ್ಚಿದರೆ, ಪಿಸ್ಟನ್‌ಗಳ ಹೊಡೆತದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಕೂರುವ ಜಾಗದಲ್ಲಿ ಇಂದಿನ ಎಂಜಿನ್‌ಗಳಂತೆ ಎತ್ತಿ ತೆಗೆಯಬಹುದಾದ ಷೆಲ್ ಬೇರಿಂಗ್ ಕಾಣುವುದಿಲ್ಲ. ತವರಕ್ಕೆ ಸ್ವಲ್ಪ ಆಂಟಿಮನಿ, ಇನ್ನೂ ಸ್ವಲ್ಪ ತಾಮ್ರ ಬೆರೆಸಿದ ಲೋಹವನ್ನು ನೇರವಾಗಿ ಬ್ಲಾಕ್‌ಗೇ ಹೊಯ್ದಿರುತ್ತಾರೆ. ಅದೇ ಐಸಾಕ್ ಬ್ಯಾಬಿಟ್ 1839ರಲ್ಲಿ ಬಳಕೆಗೆ ತಂದ ಲೋಹ.

ಇದನ್ನು ತೆಗೆದುಹಾಕಿ ಷೆಲ್ ಕೂರಿಸಿ ಎಂದು ಸಲಹೆ ಕೊಡುವವರು ಬಹಳ. ನಾನು ಒಪ್ಪುವುದಿಲ್ಲ. ಷೆಲ್‌ಗಾಗಿ ಬ್ಲಾಕ್‌ನ ಎರಕದ ಕಬ್ಬಿಣವನ್ನೇ ಕೊರೆಯಬೇಕಾಗುತ್ತದೆ. ಕೊರೆದದ್ದು ಮರಳಿ ಬರುವುದಿಲ್ಲ, ಬ್ಯಾಬಿಟ್ ಹಾಳಾದರೆ ಮತ್ತೆ ಹೊಯ್ಯಬಹುದು. ಎಣ್ಣೆಯ ಜೊತೆ ಬಂದ ಕಸವನ್ನು ಈ ಮೃದು ಲೋಹ ತನ್ನೊಳಗೆ ಹುದುಗಿಸಿಕೊಂಡು ಜರ್ನಲ್‌ಗೆ, ಅಂದರೆ ಬೇರಿಂಗ್‌ನೊಳಗೆ ತಿರುಗುವ ಕ್ರ್ಯಾಂಕ್‌ನ ದುಂಡು ಭಾಗಕ್ಕೆ, ಗೀರು ಬೀಳದಂತೆ ಕಾಯುತ್ತದೆ. ಎಣ್ಣೆ ಸೋಸುವ ಫಿಲ್ಟರೇ ಇಲ್ಲದ ಎಂಜಿನ್‌ಗೆ ಇದು ಸಣ್ಣ ಉಪಕಾರವಲ್ಲ.

ಹಾಗೆಂದು ಎಂಜಿನ್ ಬಂದ ಕೂಡಲೇ ನಾನು ಲೋಹ ಕರಗಿಸುವ ಟಾರ್ಚ್ ಹೊತ್ತಿಸುವುದಿಲ್ಲ. ಮೊದಲು ಮೈಕ್ರೋಮೀಟರ್. ಮಾಡೆಲ್ ಎಯಲ್ಲಿ ಬ್ಲಾಕ್ ಮೇಲೆ ಕೂರುವ ಮೇನ್ ಜರ್ನಲ್‌ನ ಮೂಲ ವ್ಯಾಸ 1.625 ಇಂಚು, ಪಿಸ್ಟನ್‌ನಿಂದ ಬರುವ ಕನೆಕ್ಟಿಂಗ್ ರಾಡ್ ಹಿಡಿಯುವ ರಾಡ್ ಜರ್ನಲ್‌ನದು 1.5 ಇಂಚು. ಪ್ರತಿ ಜರ್ನಲ್ಲನ್ನೂ ಎರಡು ಕಡೆ, ಎರಡೆರಡು ದಿಕ್ಕಿನಲ್ಲಿ ಅಳೆಯುತ್ತೇನೆ. ದುಂಡುತನದಲ್ಲಿ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಗ್ರೈಂಡಿಂಗ್ ಮಾಡಿಸಲೇಬೇಕು. ಅಂಡಾಕಾರಕ್ಕೆ ಸವೆದ ಜರ್ನಲ್ ಎಂಥ ಒಳ್ಳೆಯ ಬ್ಯಾಬಿಟ್ಟನ್ನೂ ಬಡಿದು ಬಡಿದು ಬಿರುಕು ಬಿಡಿಸುತ್ತದೆ.

ಆಮೇಲೆ ಹಳೆಯ ಲೋಹದ ಪರೀಕ್ಷೆ. ಬೇರಿಂಗ್‌ನ ಅಂಚಿಗೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ತಿಕ್ಕುತ್ತೇನೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಬಿಳಿಯ ಮೇಲೆ ಒದ್ದೆ ಗೆರೆ ಮೂಡಿದರೆ ಅಲ್ಲಿ ಲೋಹ ಹಿಡಿತ ಬಿಟ್ಟಿದೆ ಎಂದು ಅರ್ಥ. ಗೆರೆ ಮೂಡದೆ, ಬಿರುಕೂ ಕಾಣದೆ, ಜರ್ನಲ್ ದುಂಡಗಿದ್ದರೆ ಆ ಬ್ಯಾಬಿಟ್ಟನ್ನು ಮುಟ್ಟುವುದಿಲ್ಲ. ಬೇರಿಂಗ್‌ನ ಬಿಚ್ಚುವ ಅರ್ಧವಾದ ಕ್ಯಾಪ್ ಕೆಳಗಿನ ಹಿತ್ತಾಳೆ ಷಿಮ್‌ನ (ತೆಳು ಪದರಗಳ ತಗಡು) ಒಂದು ಪದರ ಸುಲಿದು ಸಡಿಲವನ್ನು ಒಂದರಿಂದ ಒಂದೂವರೆ ಥೌಗೆ ತಂದರೆ ಸಾಕು.

ಹೊಯ್ಯಲೇಬೇಕಾದಾಗ ಅರ್ಧ ಕೆಲಸ ಕಲಾಯಿಯಲ್ಲೇ ಇದೆ. ಕನೆಕ್ಟಿಂಗ್ ರಾಡ್‌ನಿಂದ ಹಳೆಯ ಲೋಹ ಕರಗಿಸಿ ತೆಗೆದು, ಜಿಡ್ಡು ಒಂದಿಷ್ಟೂ ಉಳಿಯದಂತೆ ತೊಳೆದು, ತವರ ಹಿಡಿಯಲು ನೆರವಾಗುವ ಸತು ಕ್ಲೋರೈಡ್ ಫ್ಲಕ್ಸ್ ಸವರಿ ಕರಗಿದ ತವರದಲ್ಲಿ ಅದ್ದುತ್ತೇನೆ. ಹೊರಗೆ ಬಂದಾಗ ಉಕ್ಕಿನ ಮೈಯೆಲ್ಲ ಕನ್ನಡಿಯಂತೆ ಹೊಳೆಯಬೇಕು. ಎಲ್ಲಾದರೂ ಒಂದು ಮಸುಕು ಚುಕ್ಕೆ ಇದ್ದರೆ ಬ್ಯಾಬಿಟ್ ಅಲ್ಲಿ ಹಿಡಿಯುವುದಿಲ್ಲ. ಒರೆಸಿ ಮತ್ತೆ ಅದ್ದಬೇಕು. ಬ್ಲಾಕ್‌ನ ವಿಷಯ ಬೇರೆ. ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಇರುವುದರಿಂದ ಕಲಾಯಿ ಸುಲಭವಾಗಿ ಹತ್ತುವುದಿಲ್ಲ, ಹಿಡಿತಕ್ಕೆಂದೇ ಕೊರೆದಿರುವ ರಂಧ್ರಗಳೇ ಅಲ್ಲಿ ಆಧಾರ. ಅವುಗಳಲ್ಲಿ ಹಳೆಯ ಲೋಹದ ಚೂರೂ ಉಳಿಯಬಾರದು.

ತವರ 89, ಆಂಟಿಮನಿ 7.5, ತಾಮ್ರ 3.5 ಶೇಕಡಾ ಇರುವ ಮಿಶ್ರಲೋಹವನ್ನು ಬಳಸುತ್ತೇನೆ. ಅದು ಪೂರ್ತಿ ಕರಗುವುದು ಸುಮಾರು 354 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೊಯ್ಯುವುದು 425ರ ಆಸುಪಾಸಿನಲ್ಲಿ. ಹೊಯ್ಯುವ ಮುನ್ನ ತಳದಿಂದ ಚೆನ್ನಾಗಿ ಕಲಕಿ ಮೇಲಿನ ಕಿಟ್ಟ ತೆಗೆಯುತ್ತೇನೆ. ರಾಡನ್ನೂ, ನಡುವಿನ ರಂಧ್ರ ಉಳಿಯುವಂತೆ ಇಡುವ ದುಂಡು ಕಂಬಿಯಾದ ಮ್ಯಾಂಡ್ರೆಲನ್ನೂ ಮೊದಲೇ ಬಿಸಿ ಮಾಡಿರಬೇಕು. ಮ್ಯಾಂಡ್ರೆಲ್‌ಗೆ ಅಸಿಟಿಲೀನ್ ಜ್ವಾಲೆಯ ಮಸಿ ಹಿಡಿಸಿದರೆ ಬ್ಯಾಬಿಟ್ ಅದಕ್ಕೆ ಅಂಟುವುದಿಲ್ಲ. ಸೌಟಿನಿಂದ ಒಂದೇ ಧಾರೆ, ನಡುವೆ ನಿಲ್ಲಿಸುವಂತಿಲ್ಲ. ಹೊಯ್ದ ಕೂಡಲೇ ಉಕ್ಕಿನ ಹೊರಮೈಯನ್ನು ಮೊದಲು ತಣಿಸಬೇಕು. ಆಗ ಲೋಹ ಉಕ್ಕಿನ ಕಡೆಯಿಂದ ಗಟ್ಟಿಯಾಗುತ್ತ ಬರುತ್ತದೆ, ಹರಳುಗಳೂ ಸಣ್ಣದಾಗಿರುತ್ತವೆ. ಇನ್ನೊಂದು ಮಾತು: ಸೌಟಿಗಾಗಲಿ ಅಚ್ಚಿಗಾಗಲಿ ನೀರಿನ ಹನಿ ತಾಗಿರಬಾರದು. ಕರಗಿದ ಲೋಹದ ಕೆಳಗೆ ಸಿಕ್ಕ ಹನಿ ಆವಿಯಾಗಿ ಸಿಡಿದರೆ ಲೋಹ ಮುಖಕ್ಕೇ ಎರಚುತ್ತದೆ.

ಹೊಯ್ದ ಮೇನ್ ಬೇರಿಂಗ್‌ಗಳನ್ನು ಒಂದೇ ಗೆರೆಯಲ್ಲಿ ಕೊರೆದು ಅಳತೆಗೆ ತರುವ ಲೈನ್ ಬೋರಿಂಗ್‌ನಲ್ಲಿ ವ್ಯಾಸ ಸರಿ ಬಂದರೆ ಸಾಲದು. ಕ್ರ್ಯಾಂಕ್‌ನ ನಡುಗೆರೆ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕಡೆಗೆ ಸರಿದರೆ ಇವೆರಡನ್ನೂ ಜೋಡಿಸುವ ಟೈಮಿಂಗ್ ಗೇರ್‌ಗಳು ಬಿಗಿಯಾಗಿ ಅರಚುತ್ತವೆ, ದೂರ ಸರಿದರೆ ಸಡಿಲವಾಗಿ ಸದ್ದು ಮಾಡುತ್ತವೆ. ಬ್ಯಾಬಿಟ್‌ನ ಅಂಚು ಜರ್ನಲ್ ಮೂಲೆಯ ಬಾಗಿಗೆ ತಾಗದಂತೆ ಅದನ್ನು ಓರೆಯಾಗಿ ಕತ್ತರಿಸಿರಬೇಕು. ಹಿಂದಿನ ಮೇನ್ ಬೇರಿಂಗ್‌ನ ಪಕ್ಕಗಳು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುತ್ತವೆ, ಅವನ್ನೂ ಅಳತೆಗೆ ತರಬೇಕು. ಕೊನೆಗೆ ಜರ್ನಲ್‌ಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಬಣ್ಣ ಹತ್ತಿದ ಉಬ್ಬುಗಳನ್ನು ಸ್ಕ್ರೇಪರ್‌ನಿಂದ ಕೆರೆಯುತ್ತೇನೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಸುಮಾರು 500 ಮೈಲಿ ಓಡಿದ ಮೇಲೆ ಎಣ್ಣೆ ತೊಟ್ಟಿ ಇಳಿಸಿ ಸಡಿಲ ಮತ್ತೆ ಅಳೆಯುತ್ತೇನೆ. ಷಿಮ್‌ನ ಒಂದು ಪದರ ತೆಗೆಯಬೇಕಾಗಿ ಬಂದರೆ ಗಾಬರಿ ಬೇಡ. ಮಾಲೀಕರಿಗೆ ನಾನು ಹೇಳುವುದು ಇಷ್ಟು: ಏರಿನಲ್ಲಿ ಟಾಪ್ ಗೇರ್‌ನಲ್ಲೇ ತಿಣುಕಿಸಬೇಡಿ, ಸ್ಟಿಯರಿಂಗ್ ಬಳಿಯ ಸ್ಪಾರ್ಕ್ ಲಿವರಿನಿಂದ ಕಿಡಿಯ ಹೊತ್ತನ್ನು ಅಗತ್ಯಕ್ಕಿಂತ ಮುಂಚಿತ ಮಾಡಿ ಓಡಿಸಬೇಡಿ. ಹೊತ್ತಿಗೆ ಮುಂಚೆ ಕಿಡಿ ಬಿದ್ದರೆ ಪಿಸ್ಟನ್ ಮೇಲಿನ ಹೊಡೆತವೆಲ್ಲ ಬಂದು ಬೀಳುವುದು ರಾಡ್‌ನ ಬ್ಯಾಬಿಟ್ ಮೇಲೆ.