ಜೇನು, ಕಾಫಿಪುಡಿ ಮೇಲೆ ಅನುಮಾನವೇ? ಸರ್ಕಾರಿ ಪರೀಕ್ಷೆಗೆ ಕೊಡುವುದು ಹೀಗೆ

ಕೊಡಗಿನಲ್ಲಿ ಕೊಂಡ ಜೇನೋ ಕಾಫಿಪುಡಿಯೋ ಕಲಬೆರಕೆ ಅನ್ನಿಸಿದರೆ ಹೆಚ್ಚಿನವರು ಅರ್ಧ ಖಾಲಿಯಾದ ಬಾಟಲಿ ಹಿಡಿದುಕೊಂಡು ಆಹಾರ ಸುರಕ್ಷತಾ ಕಚೇರಿಗೆ ಹೋಗುತ್ತಾರೆ. ಆ ದೂರು ಅಲ್ಲೇ ಸೊರಗುತ್ತದೆ. ‘ಮನೆಯಲ್ಲಿ ನೀವೇ ಏನೋ ಬೆರೆಸಿರಬೇಕು’ ಎಂದು ಮಾರಿದವರು ಅಂದರೆ ಉತ್ತರವಿರುವುದಿಲ್ಲ.

ಮೊದಲು ಲೇಬಲ್. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಿಕೆ ದಿನಾಂಕದ ಫೋಟೊ ತೆಗೆದುಕೊಳ್ಳಿ. ಲೇಬಲ್ಲೇ ಇಲ್ಲದ ‘ಕಾಡುಜೇನು’ ಕೊಳ್ಳಲೇಬೇಡಿ.

ಆಮೇಲೆ ಮನೆಯ ಪರೀಕ್ಷೆ. ತಣ್ಣೀರಿನ ಮೇಲೆ ಕಾಫಿಪುಡಿ ಉದುರಿಸಿದರೆ ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಬೆರೆಸಿದ ಚಿಕೋರಿ ಬೇರಿನ ಪುಡಿ ಬಣ್ಣ ಬಿಡುತ್ತಾ ಬೇಗ ತಳಕ್ಕಿಳಿಯುತ್ತದೆ. ಚಿಕೋರಿ ಇದ್ದ ಮಾತ್ರಕ್ಕೆ ತಪ್ಪೇನಿಲ್ಲ; ಅದನ್ನು ಲೇಬಲ್ ಮೇಲೆ ಹೇಳಿರಬೇಕು, ಕಾಫಿ ಕನಿಷ್ಠ ಶೇ 51 ಇರಬೇಕು. ಜೇನಿನಲ್ಲಿ ಅದ್ದಿದ ಬತ್ತಿ ಹಚ್ಚುವುದು, ಹೆಬ್ಬೆರಳ ಮೇಲೆ ಹನಿ ಬಿಡುವುದು ಇವನ್ನೆಲ್ಲ ನಂಬಬೇಡಿ. ಆ್ಯಂಟಿಬಯಾಟಿಕ್ ಔಷಧ ಜೇನಿನಲ್ಲಿ ಉಳಿದಿದ್ದರೆ ಅದನ್ನು ಯಾವ ಬತ್ತಿಯೂ ತೋರಿಸದು. ಮಳೆಯಲ್ಲಿ ಸರಿಯಾಗಿ ಒಣಗದ ಕಾಳುಮೆಣಸಿನ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡ ಹಾಗೆಯೇ. ಪುಡಿಯಾದ ಮೇಲೆ ಕಣ್ಣಿಗೂ ಕಾಣದು, ಮೂಗಿಗೂ ಸಿಗದು.

ಜನ ಎಡವುವುದು ಮಾದರಿ ತೆಗೆಯುವಲ್ಲಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ–2006ರ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೂ ಶುಲ್ಕ ಕಟ್ಟಿ ಸರ್ಕಾರ ನೇಮಿಸಿದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಮನೆಗೆ ಬಂದು ಫೋನ್ ಮಾಡಿದರೆ ನಡೆಯದು. ಆದ್ದರಿಂದ ಅನುಮಾನ ಬಂದ ಬಾಟಲಿಯನ್ನು ಪಕ್ಕಕ್ಕಿಟ್ಟು ಅದೇ ಅಂಗಡಿಗೆ ಮತ್ತೆ ಹೋಗಿ. ಅದೇ ಬ್ಯಾಚಿನ, ಸೀಲ್ ಒಡೆಯದ ಪ್ಯಾಕ್ ಕೊಳ್ಳಿ. ಒಂದಕ್ಕಿಂತ ಹೆಚ್ಚು ಕೊಂಡರೆ ಇನ್ನೂ ಒಳ್ಳೆಯದು. ಜೊತೆಗೆ ಒಬ್ಬರು ಸಾಕ್ಷಿ ಇರಲಿ. ತಿಳಿಸಿದ್ದನ್ನು ಚೀಟಿಯಲ್ಲಿ ಬರೆದು ಅಂಗಡಿಯವರ ಸಹಿ ಕೇಳಿ. ಕೊಡದಿದ್ದರೆ ಸಾಕ್ಷಿಯ ಸಹಿ ಹಾಕಿಸಿ. ಬ್ಯಾಚ್ ನಂಬರ್ ನಮೂದಿಸಿದ ಬಿಲ್ ಕೇಳಿ ಪಡೆಯಿರಿ. ಪ್ಯಾಕ್ ತೆರೆಯಬೇಡಿ, ಬೇರೆ ಡಬ್ಬಿಗೆ ಸುರಿಯಬೇಡಿ. ಹಳೆಯ ಜಾಮ್ ಬಾಟಲಿಯಲ್ಲಿ ತುಂಬಿಕೊಟ್ಟ ಜೇನಿನ ಮೇಲೆ ಯಾವ ವಾದವೂ ನಿಲ್ಲದು.

ಇಷ್ಟೆಲ್ಲ ಆಗದು ಎನ್ನುವವರು ಆಹಾರ ಸುರಕ್ಷತಾಧಿಕಾರಿಗೆ ಲಿಖಿತ ದೂರು ಕೊಡಿ. ನನ್ನ ಪ್ರಕಾರ ಇದೇ ಗಟ್ಟಿ ದಾರಿ. ಅವರು ನೋಟಿಸ್ ಕೊಟ್ಟು, ಹಣ ಪಾವತಿಸಿ ಮಾದರಿ ಪಡೆದು, ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ವಿಶ್ಲೇಷಕರಿಗೆ, ಎರಡು ಅವರ ಮೇಲಿನ ಅಂಕಿತಾಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್). ಅಂಗಡಿಯವರು ಕೋರಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ.

ಮಾದರಿ ತಲುಪಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ಕೊಡಬೇಕು. ನೀವೇ ಕೊಟ್ಟ ಮಾದರಿಯಾದರೆ ಪ್ರತಿ ನಿಮಗೂ ಬರುತ್ತದೆ, ಆಹಾರದಲ್ಲಿ ದೋಷ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್. ವರದಿಯ ವಿರುದ್ಧ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಆಗ ಮಾದರಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ರೆಫರಲ್ (ಮರುಪರೀಕ್ಷೆಯ) ಪ್ರಯೋಗಾಲಯಕ್ಕೆ ಹೋಗಬಹುದು. ಅಲ್ಲಿಯವರೆಗೂ ಬಿಲ್, ಚೀಟಿ, ಫೋಟೊ ಯಾವುದನ್ನೂ ಎಸೆಯಬೇಡಿ.